ಚೀಲ ಬಿಡುವುದು ಎಂದರೆ

ನಮ್ಮ ಮನೆತನದಲ್ಲಿ ಒಬ್ಬನಿದ್ದಾನೆ. ಅವನು ಬಂದದ್ದನ್ನು ಕಂಡವರು ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲೂಕಿನಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಹೋದದ್ದನ್ನು ಕಂಡವರು ಒಬ್ಬರಿದ್ದರೆ ಕರೆದುಕೊಂಡು ಬನ್ನಿ, ಅವರ ಕಾಲಿಗೆ ಬೀಳುತ್ತೇನೆ!

ಹೆಸರು ಬರೆಯುವುದಿಲ್ಲ. ಬರೆದರೆ ನಾಚಿಕೊಂಡು ನಮ್ಮ ಮನೆಗೆ ಬರುವುದನ್ನೇ ನಿಲ್ಲಿಸಿಬಿಟ್ಟಾನು. ಬಂದರೆ ಇರುವುದೇ ಒಂದು ಚಿಟಿಕೆ ಹೊತ್ತು, ಅದೂ ತಪ್ಪಿದರೆ ಏನು ಉಳಿಯಿತು? ಮಕ್ಕಳೇ, ನಿಮಗೆ ಅವನು ಚಿಕ್ಕಜ್ಜ, ನನಗೆ ಮೈದುನ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದವನು. ಆದ್ದರಿಂದ ‘ಅವನು’ ಎಂದೇ ಬರೆಯುತ್ತೇನೆ. ನೀವು ಹಾಗೆ ಕರೆದರೆ ಮಾತ್ರ ಬೆನ್ನಿಗೆ ಬೀಳುತ್ತದೆ.

ಇದನ್ನೆಲ್ಲ ಬರೆಯಬೇಕಾಗಿ ಬಂದದ್ದು ನಮ್ಮ ದೊಡ್ಡ ಮೊಮ್ಮಗಳಿಂದ. ಹೋದ ವಾರ ಶಾಲೆಯಲ್ಲಿ ಟೀಚರು ಪಕ್ಕದ ಹುಡುಗಿ ಎಲ್ಲಿ ಎಂದು ಕೇಳಿದ್ದಕ್ಕೆ ಇವಳು, ‘ಅವಳು ಆಗ್ಲೇ ಚೀಲ ಬಿಟ್ಲು ಮಿಸ್’ ಎಂದಿದ್ದಾಳೆ. ಪಾಪ, ಆ ಟೀಚರು ಬೆಂಚಿನ ಕೆಳಗೆಲ್ಲ ಬಗ್ಗಿ ಚೀಲ ಹುಡುಕಿದರಂತೆ. ಹುಡುಕಿ ಸೊಂಟ ಹಿಡಿದುಕೊಂಡ ಮೇಲೆ, ಅಂಥ ಮಾತು ಕನ್ನಡದಲ್ಲೇ ಇಲ್ಲ ಎಂದು ತೀರ್ಪು ಕೊಟ್ಟರಂತೆ. ಇವಳು ಮನೆಗೆ ಬಂದವಳೇ ಯೂನಿಫಾರಂ ಕೂಡ ಬದಲಿಸದೆ ನನ್ನ ಮುಂದೆ ನಿಂತಳು.

“ಅಜ್ಜಿ, ಚೀಲ ಬಿಡೋದು ಅಂದ್ರೆ ಬೇಗ ಜಾಗ ಖಾಲಿ ಮಾಡೋದು ಅಂತ ಅಲ್ವಾ? ಕ್ಲಾಸಲ್ಲಿ ಯಾರಿಗೂ ಗೊತ್ತೇ ಇಲ್ಲ.”

ಗೊತ್ತಿರುವುದಾದರೂ ಹೇಗೆ? ಕರೆಂಟು ಹೋದರೆ ‘ಕರೆಂಟು ಚೀಲ ಬಿಡ್ತು’ ಅನ್ನುತ್ತೀರಿ. ಮೊಬೈಲಿಗೆ ಸಿಗ್ನಲ್ ಇಲ್ಲದಿದ್ದರೆ ‘ನೆಟ್‌ವರ್ಕು ಚೀಲ ಬಿಟ್ಟಿದೆ’ ಅನ್ನುತ್ತೀರಿ. ನಮ್ಮ ಮನೆಯಲ್ಲಿ ಬೆಕ್ಕು ಕೂಡ ಹಾಲು ಕುಡಿದು ಚೀಲ ಬಿಡುತ್ತದೆ! ಲೋಕವೆಲ್ಲ ಹೀಗೇ ಮಾತಾಡುತ್ತದೆ ಎಂದು ನೀವು ತಿಳಿದಿದ್ದಿರಿ. ಇಲ್ಲ ಮಕ್ಕಳೇ. ಬೇರೆಯವರು ಕಂಬಿ ಕೀಳುತ್ತಾರೆ, ಪೇರಿ ಕೀಳುತ್ತಾರೆ, ಜೂಟ್ ಹೇಳುತ್ತಾರೆ, ಈಗಿನವರು ಎಸ್ಕೇಪ್ ಆಗುತ್ತಾರೆ. ಚೀಲ ಬಿಡುವವರು ನಾವು ಮತ್ತು ನಮ್ಮ ನೆಂಟರು ಮಾತ್ರ.

ಓಡಿ ಹೋಗುವವನು ಕಂಬಿ ಯಾಕೆ ಕೀಳಬೇಕು, ಕಿತ್ತ ಕಂಬಿಯನ್ನು ಹೊತ್ತುಕೊಂಡು ಓಡುವುದು ಹೇಗೆ, ನನಗೆ ತಿಳಿಯದು. ನಾನು ಹಳ್ಳಿ ಶಾಲೆಯಲ್ಲಿ ಓದಿದವಳು. ಜೈಲಿನ ಕಿಟಕಿಯ ಕಂಬಿ ಇರಬೇಕು ಎಂದು ನಿಮ್ಮಜ್ಜ ಹೇಳುತ್ತಿದ್ದರು. ‘ಕಾಲಿಗೆ ಬುದ್ಧಿ ಹೇಳಿದ’ ಎನ್ನುವ ಮಾತಂತೂ ನನ್ನ ಮೈದುನನಿಗೆ ಒಗ್ಗುವುದೇ ಇಲ್ಲ. ಅವನ ಕಾಲಿಗೆ ಯಾರೂ ಬುದ್ಧಿ ಹೇಳಬೇಕಾಗಿರಲಿಲ್ಲ, ಹುಟ್ಟುವಾಗಲೇ ಇತ್ತು. ಸೂಲಗಿತ್ತಿ ಬಂದು ಕೈ ತೊಳೆಯುವಷ್ಟರಲ್ಲಿ ಅವನು ಹುಟ್ಟಿ ಆಗಿತ್ತು ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ಅವನು ಯಾರಿಗೂ ಹೇಳದೆ ಹೊರಟ ಮೊದಲನೇ ಜಾಗ ಅದು!

ಚೀಲದ ಮೂಲ ಮಾತ್ರ ನನಗೆ ಚೆನ್ನಾಗಿ ಗೊತ್ತು. ಬಾಯಲ್ಲಿ ಹೇಳು ಎಂದರೆ, ನೀವೆಲ್ಲ ಸುತ್ತ ಕೂತು ಹಲ್ಲು ಕಿಸಿಯುವುದನ್ನು ನೋಡಿ ನನಗೆ ಮಾತೇ ಹೊರಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಮ್ಮ ಕಡೆ ನೆಂಟರನ್ನು ಕಳಿಸುವ ಕ್ರಮ ನಿಮಗೆ ತಿಳಿಯಬೇಕು. ನೀವು ಕಾರಿನಲ್ಲಿ ಕೂತು ಕೈ ಬೀಸಿದರೆ ಮುಗಿಯಿತು. ನಮ್ಮದು ಹಾಗಲ್ಲ. ನೆಂಟ ಎದ್ದು ‘ಬರ್ತೀನಿ’ ಎಂದರೆ, ಇನ್ನೂ ಬಿಸಿಲಿದೆ ಕೂತ್ಕಳಿ ಅನ್ನಬೇಕು. ಬಿಸಿಲು ಇಳಿದು ಮತ್ತೆ ಎದ್ದರೆ, ಕತ್ತಲಾಗ್ತಾ ಬಂತು, ಈಗೆಲ್ಲಿಗೆ ಹೋಗ್ತೀರಿ ಅನ್ನಬೇಕು. ಕತ್ತಲೂ ಅಲ್ಲದ ಬಿಸಿಲೂ ಅಲ್ಲದ ಹೊತ್ತೊಂದು ಸಿಕ್ಕಿ ಅವನು ಹೊರಟೇಬಿಟ್ಟ ಎನ್ನಿ, ಬಾಗಿಲಲ್ಲಿ ಒಂದಿಷ್ಟು ಮಾತು, ಅಂಗಳದಲ್ಲಿ ಒಂದಿಷ್ಟು. ಇಡೀ ದಿನ ನೆನಪಾಗದ ಮುಖ್ಯವಾದ ಸುದ್ದಿಗಳೆಲ್ಲ ನೆನಪಾಗುವುದು ಗೇಟಿನ ಹತ್ತಿರ. ಇಷ್ಟಕ್ಕೂ ಜಗ್ಗದವನಿಗೆ ಕೊನೆಯ ಉಪಾಯ, ಚೀಲ ಅಡಗಿಸುವುದು.

ನೆಂಟ ಊಟಕ್ಕೆ ಕೂತಾಗ ಗೂಟಕ್ಕೆ ಹಾಕಿದ್ದ ಅವನ ಚೀಲ ಮಾಯವಾಗುತ್ತದೆ. ಅಟ್ಟಕ್ಕೆ ಹೋಗುತ್ತದೆ, ಅಕ್ಕಿ ಡಬ್ಬಿಯ ಹಿಂದೆ ಹೋಗುತ್ತದೆ. ಮಗು ಮಲಗಿರುವ ತೊಟ್ಟಿಲಿಗೆ ಹಾಕಿಬಿಟ್ಟರಂತೂ ಮುಗಿಯಿತು, ಮಗು ಎದ್ದೀತೆಂದು ಯಾರೂ ಮುಟ್ಟುವ ಹಾಗಿಲ್ಲ. ಚೀಲ ಇಲ್ಲದೆ ನೆಂಟ ಹೋಗುವುದು ಎಲ್ಲಿಗೆ? ರಾತ್ರಿ ಉಳಿಯುತ್ತಾನೆ. ಇದು ಅವಮಾನವಲ್ಲ, ಪ್ರೀತಿ. ಚೀಲ ಅಡಗಿಸದಿದ್ದರೇ ಜನ ಬೇಜಾರು ಮಾಡಿಕೊಂಡು, ‘ನನ್ನ ಚೀಲ ಬಾಗ್ಲಲ್ಲೇ ಇತ್ತು, ಒಬ್ರೂ ಮುಟ್ಲಿಲ್ಲ’ ಎಂದು ಊರೆಲ್ಲ ಹೇಳಿಕೊಂಡು ಬರುತ್ತಾರೆ.

ಹೆಂಗಸರು ಹೊರಡುವುದಕ್ಕೆ ಇನ್ನೊಂದು ಕಟ್ಟಳೆ ಇದೆ. ಅರಿಶಿನ ಕುಂಕುಮ, ಹೂವು, ರವಿಕೆ ಕಣ ಇರುವ ತಟ್ಟೆ ಹಿಡಿದು ಮನೆಯವಳು ಸಾಲಾಗಿ ಎಲ್ಲರಿಗೂ ಕೊಡುತ್ತಾ ಬರುತ್ತಾಳೆ. ನಿಮ್ಮಜ್ಜ ಹೋದ ಮೇಲೆ ಆ ತಟ್ಟೆ ನನ್ನ ಹತ್ತಿರ ನಿಲ್ಲುವುದಿಲ್ಲ. ಈಚೆಯವಳಿಗೆ ಕೊಟ್ಟು, ನನ್ನನ್ನು ದಾಟಿ, ಆಚೆಯವಳ ಹತ್ತಿರ ಹೋಗುತ್ತದೆ. ಯಾರೂ ಬೇಕೆಂದು ಮಾಡುವುದಲ್ಲ, ಹಿಂದಿನಿಂದ ಬಂದದ್ದು. ಆದರೆ ಆ ಒಂದು ಗಳಿಗೆ ಕಣ್ಣನ್ನು ಎಲ್ಲಿ ಇಟ್ಟುಕೊಳ್ಳಬೇಕು ಎಂದು ನನಗೆ ತಿಳಿಯುವುದಿಲ್ಲ. ಹಾಗಾಗಿ ಸಮಾರಂಭಗಳಿಗೆ ಹೋಗುವುದನ್ನೇ ಬಿಟ್ಟೆ. ಬಸ್ಸಿನಲ್ಲಿ ತಲೆ ಸುತ್ತುತ್ತದೆ ಎಂದು ನಿಮಗೆಲ್ಲ ಹೇಳುತ್ತಿದ್ದೆನಲ್ಲ, ಅದು ಸುಳ್ಳು.

ಇರಲಿ, ಚೀಲಕ್ಕೆ ಬರೋಣ.

ನನ್ನ ಮೈದುನನಿಗೆ ಕಾರ್ಗಲ್‌ನಲ್ಲಿ ಕರೆಂಟಿನ ಕೆಲಸವಿತ್ತು. ಅಲ್ಲೇ ಕಾಲೋನಿಯಲ್ಲಿ ಮನೆ. ನೆಂಟರೆಂದರೆ ಅವನಿಗೆ ಬೇಡ ಎಂದೇನಲ್ಲ. ಯಾರ ಮನೆಯ ಸಮಾರಂಭಕ್ಕಾದರೂ ಎಲ್ಲರಿಗಿಂತ ಮೊದಲು ಹಾಜರು. ಊಟವಾದ ಮೇಲೆ ಮಾತ್ರ ಅವನ ಕಾಲಿನಲ್ಲಿ ಇರುವೆ ಹರಿಯಲು ಶುರುವಾಗುತ್ತದೆ. ಯಾಕೋ ಹೀಗೆ ಎಂದು ಒಮ್ಮೆ ನಾನೇ ಕೇಳಿದ್ದೆ. ಬಂದಾಯಿತು, ಮುಖ ನೋಡಿ ಆಯಿತು, ಉಂಡಾಯಿತು, ಇನ್ನು ಕೂತರೆ ಅವರಿಗೂ ಕಷ್ಟ ನನಗೂ ಕಷ್ಟ ಎಂದು ಹೇಳಿ, ಆ ಮಾತು ಮುಗಿಯುವಷ್ಟರಲ್ಲಿ ಗೇಟು ದಾಟಿದ್ದ.

ಹೊಸನಗರದಲ್ಲಿ ಅವನ ಸೋದರತ್ತೆ ಇದ್ದರು. ಚೀಲ ಅಡಗಿಸುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಒಮ್ಮೆ ಇವನು ಊಟಕ್ಕೆ ಕೂತಾಗ ಚೀಲವನ್ನು ಬೀರುವಿನಲ್ಲಿಟ್ಟು, ಬೀಗ ಹಾಕಿ, ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡರು. ಇವನು ಕೈ ತೊಳೆದು ಬರುವವನಂತೆ ‘ಒಂದ್ನಿಮಿಷ, ಬಂದೆ’ ಎಂದು ಹಿತ್ತಲ ಕಡೆ ಹೋದ. ಅತ್ತೆ ನೆಮ್ಮದಿಯಾಗಿ ಎಲೆ ಅಡಿಕೆ ಹಾಕಿಕೊಂಡರು. ಚೀಲ ನನ್ನ ಹತ್ತಿರ ಇದೆ, ಹೋಗುವುದೆಲ್ಲಿಗೆ ಎಂದು ಎಲ್ಲರಿಗೂ ಸೆರಗು ತೋರಿಸಿದರು. ಕಾಫಿ ಮಾಡಿಸಿದರು. ಕಾಫಿ ಆರಿತು. ಮತ್ತೆ ಬಿಸಿ ಮಾಡಿಸಿದರು. ಸಂಜೆಯ ಹೊತ್ತಿಗೆ ಯಾಕೋ ಅನುಮಾನ ಬಂದು ಬೀರು ತೆಗೆದು ಚೀಲ ಬಿಚ್ಚಿ ನೋಡಿದರೆ, ಒಳಗೆ ಮಡಚಿಟ್ಟ ಒಂದು ಗೋಣಿ, ಅದರ ಮೇಲೆ ಒಂದು ಹರಕು ಟವೆಲ್! ಅಷ್ಟು ಹೊತ್ತಿಗೆ ಇವನು ಕಾರ್ಗಲ್ ಮುಟ್ಟಿ, ಸ್ನಾನ ಮಾಡಿ, ರೇಡಿಯೋ ಹಾಕಿಕೊಂಡು ಕೂತಿದ್ದ.

ಅತ್ತೆ ಆ ಗೋಣಿ ಹಿಡಿದುಕೊಂಡು ‘ಚೀಲ ಬಿಟ್ನಲ್ಲ, ಚೀಲ ಬಿಟ್ನಲ್ಲ’ ಎಂದು ಮನೆಯೆಲ್ಲ ಓಡಾಡಿದರಂತೆ. ಹುಟ್ಟಿತು ನೋಡಿ ಮಾತು! ಆಮೇಲೆ ಯಾರು ಹೇಳದೆ ಕೇಳದೆ ಹೊರಟರೂ ನಮ್ಮ ನೆಂಟರಲ್ಲಿ ಅವರು ಚೀಲ ಬಿಟ್ಟವರೇ.

ಅವನ ಈ ಸುಳ್ಳು ಚೀಲಗಳೆಲ್ಲ ಬಟ್ಟೆ ಅಂಗಡಿಯಲ್ಲಿ ಸೀರೆಯ ಜೊತೆ ಹಳದಿ ಚೀಲ ಕೊಡುತ್ತಾರಲ್ಲ, ಅಂಥವು. ಅಂಗಡಿಗೆ ಹೋದರೆ ಹೆಂಡತಿ ಸೀರೆ ನೋಡುತ್ತಾಳೆ, ಇವನು ಚೀಲ ನೋಡುತ್ತಾನೆ. ತುಂಬಿದ ಚೀಲದಂತೆ ಕಾಣಲು ಒಳಗೆ ಏನು ತುರುಕಬೇಕು ಎನ್ನುವುದರಲ್ಲಿ ಅವನು ಪಂಡಿತ. ಹಳೆಯ ದಿಂಬಿನ ಹತ್ತಿ ಒಳ್ಳೆಯದು, ಹುಲ್ಲಾದರೆ ಸದ್ದು ಬರುತ್ತದೆ, ತೆಂಗಿನ ಸಿಪ್ಪೆಯಾದರೆ ಮೂಲೆ ಮೂಲೆ ಎದ್ದು ಕಾಣುತ್ತದೆ. ನಮ್ಮ ನೆಂಟರ ಮನೆಗಳಲ್ಲಿ ತರಕಾರಿ ತರುವುದಕ್ಕೆ ಯಾರೂ ಚೀಲ ಕೊಂಡದ್ದಿಲ್ಲ. ತೀರ್ಥಹಳ್ಳಿ ಸಂತೆಯಲ್ಲಿ ಹಳದಿ ಚೀಲ ಹಿಡಿದವರು ಕಂಡರೆ ಧೈರ್ಯವಾಗಿ ಮಾತಾಡಿಸಿ, ನಮ್ಮವರೇ ಇರುತ್ತಾರೆ.

ಚೀಲದ ಗುಟ್ಟು ರಟ್ಟಾದ ಮೇಲೆ ಜನ ಸುಮ್ಮನಿದ್ದಾರೆಯೇ? ಮಾಸ್ತಿಕಟ್ಟೆಯಲ್ಲಿ ಅವನ ಷಡ್ಡಕ, ಎಂದರೆ ಹೆಂಡತಿಯ ತಂಗಿಯ ಗಂಡ, ಚೀಲದ ಬದಲು ಚಪ್ಪಲಿಯನ್ನೇ ಅಡಗಿಸಿದ. ಇವನು ಅಂಗಳಕ್ಕೆ ಬಂದು ನೋಡಿದ, ತನ್ನ ಸವೆದ ಚಪ್ಪಲಿ ಇಲ್ಲ, ಷಡ್ಡಕನ ಹೊಸ ಚಪ್ಪಲಿ ಇದೆ. ಅದನ್ನೇ ಮೆಟ್ಟಿಕೊಂಡು ಹೊರಟ! ಪಾಪ ಷಡ್ಡಕ ಇವನ ಸವೆದದ್ದನ್ನು ಎಳೆದುಕೊಂಡು, ಬಸ್ಸು ಬದಲಿಸಿ ಬದಲಿಸಿ ಕಾರ್ಗಲ್‌ಗೆ ಬಂದ. ಬಂದವನನ್ನು ಇವನು ಊಟಕ್ಕೆ ಕೂರಿಸಿದ. ಷಡ್ಡಕ ಉಂಡು ಎದ್ದು ನೋಡಿದರೆ ಅವನ ಚೀಲ ನಾಪತ್ತೆ.

“ಮಾರಾಯ್ರಾ, ನಿಮಗೇ ಇದು ಆಗಲ್ವಲ್ರೀ” ಎಂದು ಷಡ್ಡಕ ಗೋಗರೆದರೆ ಇವನು ಗಂಭೀರವಾಗಿ, “ನಾವು ಹೋದಾಗ ಬೇರೆ. ಮನೆಗೆ ಬಂದೋರನ್ನ ಹಂಗೆ ಕಳಿಸಕ್ಕಾಗತ್ತಾ?” ಎಂದನಂತೆ.

ಸಾಗರದ ಛತ್ರದಲ್ಲಿ ಒಂದು ಮದುವೆ. ಇವನನ್ನು ಹಿಡಿದಿಡುವುದಕ್ಕೆ ಹೆಣ್ಣಿನ ಮನೆಯವರು ಸಾಂಬಾರಿನ ಬಕೆಟ್ಟನ್ನು ಇವನ ಕೈಗೆ ಕೊಟ್ಟರು. ಬಡಿಸುವವನು ಬಿಟ್ಟು ಹೋಗುವ ಹಾಗಿಲ್ಲವಲ್ಲ! ಇವನು ಬಡಿಸಿದ ವೇಗಕ್ಕೆ ಉಣ್ಣುವವರು ಎಲೆಗೆ ಕೈ ಅಡ್ಡ ಹಿಡಿಯುವಷ್ಟರಲ್ಲಿ ಸಾಂಬಾರು ಮೊಣಕೈಗೆ ಬಂದಿತ್ತು. ಪಂಕ್ತಿಯ ಕೊನೆಗೆ ಗಂಡಿನ ತಂದೆ ರೇಷ್ಮೆ ಶಲ್ಯ ಹೊದ್ದು ನಿಂತು ಎಲ್ಲರನ್ನೂ ವಿಚಾರಿಸಿಕೊಳ್ಳುತ್ತಿದ್ದರು. ‘ಒಂದ್ನಿಮಿಷ ಹಿಡ್ಕಳಿ, ಬಂದೆ’ ಎಂದು ಬಕೆಟ್ಟನ್ನು ಅವರ ಕೈಗೆ ಕೊಟ್ಟ. ಬೀಗರು ಮುಂದಿನ ಪಂಕ್ತಿಗೆಲ್ಲ ಸಾಂಬಾರು ಬಡಿಸಿದರು.

ಇದರಲ್ಲಿ ನಿಜವಾಗಿ ನೊಂದವಳೆಂದರೆ ಅವನ ಹೆಂಡತಿ, ನನ್ನ ವಾರಗಿತ್ತಿ. ಎಷ್ಟೋ ಸಲ ಅವಳು ಒಳಗೆ ಮಾತಾಡುತ್ತ ಕೂತಿರುವಾಗಲೇ ಇವನು ಊರು ಸೇರಿಕೊಂಡಿರುತ್ತಿದ್ದ. “ನನ್ನನ್ನೂ ಒಂದು ಚೀಲ ಅಂತ ತಿಳ್ಕಂಡಿದಾರೆ ಅಕ್ಕ. ಹೋದಲ್ಲೆಲ್ಲ ಬಿಟ್ಟು ಬರ್ತಾರೆ” ಎನ್ನುತ್ತಿದ್ದಳು. ಕೊನೆಗೆ ಅವಳೂ ಜಾಣೆಯಾದಳು. ಮನೆಯ ಬೀಗದ ಕೈ ತನ್ನ ಹತ್ತಿರವೇ ಇಟ್ಟುಕೊಂಡು, ಅವನು ಜಗಲಿಯ ಮೇಲೆ ಕಾಯುತ್ತ ಕೂರಲಿ ಎಂದು ನಿಧಾನವಾಗಿ ಬರತೊಡಗಿದಳು.

ಈಗ ಕೆಲಸ ಮುಗಿದು ಅವರಿಬ್ಬರೂ ಇಲ್ಲೇ ಆನಂದಪುರದಲ್ಲಿ ನಮ್ಮ ಹಿಂದಿನ ಬೀದಿಯಲ್ಲಿದ್ದಾರೆ. ಹೋದ ಬೇಸಗೆಯಲ್ಲಿ ತೀರ್ಥಹಳ್ಳಿಯಿಂದ ನನ್ನ ತಂಗಿ ಬಂದಳಲ್ಲ, ನೆನಪಿರಬೇಕು ನಿಮಗೆ. ಹೊಸ ಮನೆ ಕಟ್ಟಿಸಿದ್ದಳು. ಬಸ್ಸಿನಲ್ಲಿ ತಲೆ ಸುತ್ತುತ್ತದೆ ಎಂದು ನಾನು ಶುರು ಮಾಡಿದೆ. ಅವಳು ಕೇಳಲೇ ಇಲ್ಲ.

“ಅಕ್ಕ, ನೀನು ಬರ್ದೆ ಇದ್ರೆ ನಾನು ಹಾಲು ಉಕ್ಸಲ್ಲ. ಒಲೆ ಮುಂದೆ ಹಂಗೇ ಕೂತಿರ್ತೀನಿ.”

ತಂಗಿಗೆ ಹೇಗೆ ಇಲ್ಲ ಅನ್ನುವುದು? ನಿಮ್ಮ ಅಪ್ಪನಿಗೆ ಅಂಗಡಿ ಬಿಟ್ಟು ಬರಲಾಗಲಿಲ್ಲ, ವಾರಗಿತ್ತಿಗೆ ಜ್ವರ. ನಾನು, ಮೈದುನ ಇಬ್ಬರೇ ಹೊರಟೆವು. ಅಲ್ಲೇ ಉಳಿಯಬೇಕೆಂದು ತಂಗಿ ಮಾತು ತೆಗೆದುಕೊಂಡಿದ್ದರಿಂದ ವಾರಗಿತ್ತಿ ಜ್ವರದಲ್ಲೇ ಎದ್ದು ಅವನ ಚೀಲ ತುಂಬಿಸಿದಳು. ಪಂಚೆ, ಅಂಗಿ, ಬಿ.ಪಿ. ಮಾತ್ರೆ, ಎಲ್ಲ. ಹೊರಡುವಾಗ ಅವನ ಎದುರಿಗೇ ನನಗೆ ಎಚ್ಚರಿಕೆ ಹೇಳಿದಳು, ನಿಮ್ಮನ್ನೂ ಬಿಟ್ಟು ಬಂದಾರು, ನೋಡಿಕೊಳ್ಳಿ ಎಂದು.

“ಅತ್ತಿಗೆ ಹೇಳೋ ತನಕ ನಾನು ಏಳಲ್ಲ, ಆಯ್ತಾ?” ಎಂದು ಅವನು ಮಾತು ಕೊಟ್ಟ.

ದಾರಿಯುದ್ದಕ್ಕೂ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಮತ್ತೆ ಮತ್ತೆ ಎತ್ತಿ ನೋಡುತ್ತಿದ್ದ. “ನಿಜವಾದ ಚೀಲ ಇಷ್ಟು ಭಾರ ಇರತ್ತಾ ಅತ್ತಿಗೆ?” ಎಂದು ಕೇಳಿದ.

ತಂಗಿಯ ಮನೆಯಲ್ಲಿ ಹೋಮದ ಹೊಗೆಗೆ ಕಣ್ಣುರಿಯೆಂದು ಅವನು ಕನ್ನಡಕವನ್ನೂ ತೆಗೆದು ಚೀಲಕ್ಕೆ ಹಾಕಿದ. ಹಾಕಿದ್ದೇ ತಡ, ತಂಗಿ ಅವನ ಚೀಲ, ನನ್ನ ಚೀಲ ಎರಡನ್ನೂ ಮಹಡಿಯ ಕೋಣೆಗೆ ಹಾಕಿ ಬೀಗ ಜಡಿದಳು. ‘ಭಾವ, ಈ ಸಲ ಎತ್ತಿ ನೋಡಿದೀನಿ, ಭಾರ ಇದೆ’ ಎಂದು ಎಲ್ಲರ ಮುಂದೆ ಹೇಳಿದಳು. ಜನ ನಕ್ಕರು. ಅವನೂ ನಕ್ಕ. ಊಟವಾದ ಮೇಲೆ, ನಂಬಿದರೆ ನಂಬಿ, ಜಗಲಿಯಲ್ಲಿ ಗಂಡಸರ ಜೊತೆ ಕುರ್ಚಿ ಎಳೆದುಕೊಂಡು ಕೂತ!

ನಾವು ಹೆಂಗಸರು ಒಳಗೆ ಜಮಖಾನದ ಮೇಲೆ ಕೂತಿದ್ದೆವು. ನಾನು ಗೋಡೆ ಬದಿಗೆ ಸಾಲಿನ ನಡುವೆ ಸಿಕ್ಕಿಕೊಂಡಿದ್ದೆ. ಹೊತ್ತಿಗೆ ಮೊದಲೇ ಎದ್ದು ಅಡಿಗೆ ಮನೆ ಸೇರಬೇಕೆಂದು ನಾನು ಲೆಕ್ಕ ಹಾಕಿದ್ದು ಆಗಲಿಲ್ಲ. ತಂಗಿ ತಟ್ಟೆ ಹಿಡಿದು ಬಂದೇಬಿಟ್ಟಳು. ಎದುರು ಕುರ್ಚಿಯಲ್ಲಿ ಅವಳ ಅತ್ತೆ ಕೂತಿದ್ದರು. ಸಾಲಿನ ತುದಿಯಿಂದ ಕುಂಕುಮ ಕೊಡುತ್ತ ಬಂದವಳು ನನ್ನನ್ನು ಕಂಡಳು. ಅವಳ ಕೈ ನಿಧಾನವಾಯಿತು. ತನ್ನ ಹೊಸ ಮನೆಯಲ್ಲಿ ಅವಳು ಸ್ವಂತ ಅಕ್ಕನನ್ನು ದಾಟಿ ಹೋಗಬೇಕು. ಕೊಟ್ಟರೆ ಅತ್ತೆ ಏನನ್ನುತ್ತಾರೋ, ಕೊಡದಿದ್ದರೆ ಅವಳಿಗೆ ಅವತ್ತಿನ ಊಟ ಮೈಗೆ ಹತ್ತುವುದಿಲ್ಲ. ಕರೆದು ತಂದದ್ದೇ ಅವಳು. ನನ್ನ ಹತ್ತಿರ ಬರುವುದಕ್ಕೆ ಇನ್ನೊಬ್ಬಳೇ ಬಾಕಿ. ನಾನು ಹೊಸ ನೆಲದ ಟೈಲ್ಸು ನೋಡುತ್ತಾ ಕೂತೆ.

“ಅತ್ತಿಗೆ, ಏಳಿ. ಬಸ್ಸು.”

ತಲೆ ಎತ್ತಿದರೆ ಮೈದುನ! ಹೆಂಗಸರ ನಡುವೆ, ಯಾರದೋ ಸೆರಗು ತುಳಿದುಕೊಂಡು ನಿಂತಿದ್ದ.

“ಯಾವ ಬಸ್ಸು?” ಎಂದೆ.

“ಯಾವ್ದೋ ಒಂದು. ಏಳಿ ಮೊದ್ಲು.”

“ಭಾವ, ಚೀಲ ನನ್ನ ಹತ್ರ ಇದೆ” ಎಂದಳು ತಂಗಿ.

“ಇಟ್ಕಳಮ್ಮ. ಒಳ್ಳೇ ಚೀಲ.”

ಇಡೀ ಮನೆ ಗೊಳ್ಳೆಂದಿತು. ಚೀಲ ಬಿಟ್ಟರು, ಈ ಸಲ ಅತ್ತಿಗೆಯನ್ನೂ ಕಟ್ಟಿಕೊಂಡು ಬಿಟ್ಟರು ಎಂದು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಅವಳ ಅತ್ತೆಯೂ ನಕ್ಕರು. ಆ ನಗುವಿನಲ್ಲಿ ತಟ್ಟೆ ಎಲ್ಲಿಗೆ ಬಂದಿತ್ತು, ಯಾರ ಹತ್ತಿರ ನಿಂತಿತ್ತು ಎಂದು ಒಬ್ಬರಿಗೂ ನೆನಪಿರಲಿಲ್ಲ. ನಗದೆ ನಿಂತಿದ್ದವಳು ತಂಗಿ ಒಬ್ಬಳೇ. ನನ್ನನ್ನು ನೋಡಿ ಹೋಗು ಎನ್ನುವ ಹಾಗೆ ಕತ್ತು ಆಡಿಸಿದಳು. ಹುಟ್ಟಿದ ಮೇಲೆ ಮೊದಲ ಸಲ ‘ಬರ್ತೀನಿ’ ಎನ್ನದೆ ಒಂದು ಮನೆಯಿಂದ ಹೊರಗೆ ಬಂದೆ.

ಎಂಥ ನಡಿಗೆ ಅದು! ಅವನ ಹಿಂದೆ ಸೀರೆಯ ನೆರಿಗೆ ಎತ್ತಿ ಹಿಡಿದು ಬಸ್‌ಸ್ಟ್ಯಾಂಡಿನ ತನಕ ಹೇಗೆ ಬಂದೆನೋ ದೇವರಿಗೇ ಗೊತ್ತು. ಬೆಂಚಿನ ಮೇಲೆ ಕೂತು ಉಸಿರು ಬಿಡುವಾಗ ನೆನಪಾಯಿತು. ಅತ್ತಿಗೆ ಹೇಳುವ ತನಕ ಏಳುವುದಿಲ್ಲ ಎಂದವನು ಅವನು. ನಾನು ಎಲ್ಲಿ ಹೇಳಿದ್ದೆ?

ಕೇಳಲಿಲ್ಲ. ಅವನೂ ತಟ್ಟೆಯ ವಿಷಯ ಎತ್ತಲಿಲ್ಲ.

“ಮಾತ್ರೆ ಚೀಲದಲ್ಲೇ ಇತ್ತಲ್ಲ?” ಎಂದೆ.

“ಇತ್ತು.”

“ಕನ್ನಡಕ?”

“ಅದೂ ಇತ್ತು. ನಾಳೆ ಯಾರಾದ್ರೂ ತಂದುಕೊಡ್ತಾರೆ ಬಿಡಿ.” ನನ್ನ ಕಾಲಿನ ಕಡೆ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದ. “ಮೊದ್ಲ ಸಲಕ್ಕೆ ಪರ್ವಾಗಿಲ್ಲ ಅತ್ತಿಗೆ. ಚಪ್ಪಲಿ ಒಂಚೂರು ನೋಡ್ಕಬೇಕಿತ್ತು.”

ಒಂದು ಕಾಲಲ್ಲಿ ನನ್ನದು, ಇನ್ನೊಂದರಲ್ಲಿ ಯಾರದೋ ಕೆಂಪು ಚಪ್ಪಲಿ! ನಗು ಬಂತು. ನಿಮ್ಮಜ್ಜ ಹೋದ ಮೇಲೆ ಬೀದಿಯಲ್ಲಿ ಕೂತು ಅಷ್ಟು ನಕ್ಕದ್ದು ಅವತ್ತೇ. ನಗುತ್ತ ನಗುತ್ತ ಕಣ್ಣಲ್ಲಿ ನೀರೂ ಬಂತು. ಅವನು ಅತ್ತ ತಿರುಗಿ ಕೂತು, ಕನ್ನಡಕವಿಲ್ಲದೆ ತನಗೆ ಬಸ್ಸಿನ ಬೋರ್ಡು ಕಾಣುವುದಿಲ್ಲ, ನೀವೇ ಓದಿ ಹೇಳಬೇಕು ಎಂದ.

ಬಂದ ಬಂದ ಬಸ್ಸಿನ ಬೋರ್ಡುಗಳನ್ನೆಲ್ಲ ಶಾಲೆಯಲ್ಲಿ ಓದುವ ಹಾಗೆ ಗಟ್ಟಿಯಾಗಿ ಓದಿದೆ. ಶಿವಮೊಗ್ಗ. ಶೃಂಗೇರಿ. ಮತ್ತೆ ಶಿವಮೊಗ್ಗ. ಕೊನೆಗೆ ನಮ್ಮೂರಿನ ಮೇಲೆ ಸಾಗರಕ್ಕೆ ಹೋಗುವ ಬಸ್ಸು ಬಂದು ನಮ್ಮೆದುರಿಗೇ ನಿಂತಿತು. ಕಂಡಕ್ಟರು ಬಾಗಿಲಲ್ಲಿ ನೇತಾಡಿಕೊಂಡು ‘ಸಾಗರ, ಸಾಗರ, ಸಾಗರ’ ಎಂದು ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವ ಹಾಗೆ ಕೂಗುತ್ತಿದ್ದ.

“ಯಾವ್ದು ಅತ್ತಿಗೆ?”

ನನಗೆ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಕೂರಬೇಕು ಅನ್ನಿಸಿತ್ತು.

“ಕೊಪ್ಪದ್ದು” ಎಂದೆ.

ಅವನು ಕಂಡಕ್ಟರನ ಕಡೆ ನೋಡಿದ. ಆಮೇಲೆ ಕಾಲು ಎರಡನ್ನೂ ಬೆಂಚಿನ ಮೇಲೆ ಎಳೆದುಕೊಂಡು, ಚಕ್ಕಲಮಕ್ಕಲ ಹಾಕಿ ಸರಿಯಾಗಿ ಕೂತುಕೊಂಡ.

“ಹೋಗ್ಲಿ ಬಿಡಿ ಅತ್ತಿಗೆ. ನಮಗೇನು ಅವಸರ.”